ಸ್ಪಿಟ್‌ಫೈರ್‌ನ ಕಾಕ್‌ಪಿಟ್: ಗೀರು ಎಲ್ಲಿ ಬೀಳಬೇಕು?

ನಾನು ಮಾಡುತ್ತಿದ್ದದ್ದು ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್ ಮಾರ್ಕ್ 5ಬಿಯ ಮಾಡೆಲ್, ಅಳತೆ 1:48, ಅಂದರೆ ನಿಜವಾದ ವಿಮಾನದ 48ರಲ್ಲಿ ಒಂದು ಪಾಲು. ಅದರ ಆಸನ ಹೆಬ್ಬೆರಳ ಉಗುರಿಗಿಂತ ಚಿಕ್ಕದು. ಅಂಚುಗಳಿಗೆ ಬೆಳ್ಳಿ ಬಣ್ಣದ ಡ್ರೈ ಬ್ರಶ್ (ಬಣ್ಣವನ್ನು ಬಹುತೇಕ ಒರೆಸಿದ ಬ್ರಶ್‌ನಿಂದ ಮೆಲ್ಲಗೆ ಸವರುವುದು) ಹೊಡೆದು, ಬಣ್ಣ ಕಿತ್ತು ಲೋಹ ಇಣುಕುತ್ತಿರುವ ಹಾಗೆ ಮಾಡಿ, ಚೆನ್ನಾಗಿ ಬಂತು ಅಂದುಕೊಂಡು ಮಲಗಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಏನೋ ಸರಿಯಿಲ್ಲ. ಆಸನಕ್ಕೆ ನಾನು ಕೆಂಗಂದು ಬಣ್ಣ ಕೊಟ್ಟಿದ್ದೇ ಅದು ಲೋಹದ್ದಲ್ಲ ಎಂಬ ಕಾರಣಕ್ಕೆ. ಆ ಕಾಲದ ಬಹಳಷ್ಟು ಸ್ಪಿಟ್‌ಫೈರ್‌ಗಳಲ್ಲಿ ರಾಳದಲ್ಲಿ ನೆನೆಸಿ ಒತ್ತಿದ ಪದರಗಳಿಂದ ಮಾಡಿದ ಆಸನ ಇರುತ್ತಿತ್ತು. ಆ ಕೆಂಗಂದು ಅದರ ಮೈಬಣ್ಣ, ಮೇಲೆ ಬಳಿದದ್ದಲ್ಲ. ಎಷ್ಟು ಕೆರೆದರೂ ಒಳಗಿಂದ ಬೆಳ್ಳಿ ಬರುವುದಿಲ್ಲ.

ಪೂರ್ತಿ ಅಳಿಸಿ ಮತ್ತೆ ಮಾಡಿದೆ. ಈ ಸಲ ಮೂಲ ಬಣ್ಣಕ್ಕೇ ಒಂದಿಷ್ಟು ತಿಳಿಹಳದಿ ಬೆರೆಸಿ, ಅಂಚು ಬೂದಿ ಹಿಡಿದಂತೆ ಸ್ವಲ್ಪವೇ ಮಸುಕು ಮಾಡಿ ಬಿಟ್ಟೆ. ಅಲ್ಲಿಂದಾಚೆ ಒಂದು ಅಭ್ಯಾಸ ಬಿದ್ದಿದೆ: ಪ್ರತಿ ಗೀರು ಹಾಕುವ ಮೊದಲು, ಇಲ್ಲಿ ಏನು ತಾಗಿತು, ತಾಗಿದ್ದರೆ ಕೆಳಗೆ ಏನಿದೆ ಎಂದು ಕೇಳಿಕೊಳ್ಳುತ್ತೇನೆ. ಉತ್ತರ ಸಿಗದಿದ್ದರೆ ಬ್ರಶ್ ಕೆಳಗಿಡುತ್ತೇನೆ.

ಪೈಲಟ್ ಎಡರೆಕ್ಕೆಯ ಬುಡದ ಮೇಲೆ ಹತ್ತಿ, ಎಡಬದಿಯ ಚಿಕ್ಕ ಬಾಗಿಲಿನಿಂದ ಒಳಗೆ ಇಳಿಯುತ್ತಿದ್ದ. ಹಾಗಾಗಿ ಬಾಗಿಲ ಅಂಚು ಮತ್ತು ಎಡಗಡೆಯ ಅಂಚುಪಟ್ಟಿ ಬಲಗಡೆಗಿಂತ ಹೆಚ್ಚು ಸವೆಯಬೇಕು. ಅವನು ಕೂರುತ್ತಿದ್ದದ್ದು ಬೆನ್ನ ಕೆಳಗೆ ಕಟ್ಟಿಕೊಂಡ ಪ್ಯಾರಾಶೂಟ್ ಗಂಟಿನ ಮೇಲೆ. ಆಸನ ಬಾಣಲೆಯಂತೆ ಆಳವಾಗಿರುವುದು ಅದಕ್ಕೇ. ಎಂಜಿನ್ ವೇಗದ ಲಿವರ್ ಎಡಗೈಗೆ, ಚಕ್ರ ಮಡಚುವ ಲಿವರ್ ಬಲಗಡೆಗೆ. ನೆಲ ಬಿಟ್ಟ ಕೂಡಲೇ ಪೈಲಟ್ ಎಡಗೈಯನ್ನು ಕಂಟ್ರೋಲ್ ಕಡ್ಡಿಗೆ ತಂದು, ಬಲಗೈಯಿಂದ ಚಕ್ರ ಎತ್ತಬೇಕಿತ್ತು. ಈ ಕೈ ಬದಲಾವಣೆ ತಿಳಿದ ಮೇಲೆ, ಕಡ್ಡಿಯ ಮೇಲಿನ ಉಂಗುರದಂಥ ಹಿಡಿಗೆ ಎರಡೂ ಕಡೆ ಸಮವಾಗಿ ಹೊಳಪು ಕೊಟ್ಟೆ. ಎರಡು ಲಿವರ್‌ಗಳ ತುದಿಗೂ ಪೆನ್ಸಿಲ್ ಕಡ್ಡಿಯ ಪುಡಿ ಬೆರಳಲ್ಲಿ ತಿಕ್ಕಿದೆ. ಕೈ ತಾಗಿ ತಾಗಿ ನಯವಾದ ಲೋಹ ಬೆಳ್ಳಿ ಬಣ್ಣಕ್ಕಿಂತ ಹೀಗೆ ಮಾಡಿದಾಗಲೇ ನಿಜ ಅನಿಸುತ್ತದೆ.

ಕೆಲಸ ಶುರುವಾಗುವುದು ಬಣ್ಣಕ್ಕಿಂತ ಮೊದಲು. ವಿಮಾನದ ಎರಡು ಹೋಳುಗಳನ್ನು ಟೇಪ್ ಹಚ್ಚಿ ಜೋಡಿಸಿ, ಮೇಲಿನಿಂದ ಟಾರ್ಚ್ ಬಿಟ್ಟು, ಯಾವುದು ಕಾಣುತ್ತದೆ ಯಾವುದು ಮುಚ್ಚಿಹೋಗುತ್ತದೆ ಅಂತ ನೋಡಿದೆ. ಉಪಕರಣ ಫಲಕದ ಹಿಂದಿನ ಭಾಗ ಪೂರ್ತಿ ಕತ್ತಲು. ಅಲ್ಲಿಗೆ ಒಂದೇ ಒಂದು ತಂತಿಯನ್ನೂ ಹಾಕಲಿಲ್ಲ. ಎಡಗೋಡೆ ಬಾಗಿಲಿನಿಂದ ಚೆನ್ನಾಗಿ ಕಾಣುತ್ತದೆ. ಅಲ್ಲಿ ತೆಳು ಸೀಸದ ತಂತಿಯಲ್ಲಿ ಕೊಳವೆಗಳನ್ನು ಎಳೆದೆ.

ಮೊದಲು ಕಪ್ಪು ಪ್ರೈಮರ್. ಅದರ ಮೇಲೆ ಬೂದು ಮಿಶ್ರಿತ ಹಸಿರನ್ನು ಏರ್‌ಬ್ರಶ್‌ನಲ್ಲಿ ಮೇಲಿನಿಂದ ಮಾತ್ರ ಸಿಂಪಡಿಸಿದೆ. ಮೂಲೆಗಳಲ್ಲಿ ಕಪ್ಪು ಹಾಗೇ ಉಳಿದು ನೆರಳಾಯಿತು. ಒಣಗಿದ ಮೇಲೆ ಹೊಳಪಿನ ವಾರ್ನಿಷ್, ಆಮೇಲೆ ಕಡುಗಂದು ಆಯಿಲ್ ಬಣ್ಣವನ್ನು ತಿನ್ನರ್‌ನಲ್ಲಿ ನೀರಾಗಿಸಿ ವಾಶ್, ಅಂದರೆ ಸಂದಿಗಳಿಗೆ ಹರಿದು ಕೂರುವ ತೆಳು ಬಣ್ಣ. ಈ ಹೊಳಪಿನ ಪದರವನ್ನು ದಯವಿಟ್ಟು ಬಿಡಬೇಡಿ. ಹಿಂದೊಂದು ಮಾಡೆಲ್‌ನಲ್ಲಿ ಅವಸರಕ್ಕೆ ಬಿದ್ದು ಒರಟು ಬಣ್ಣದ ಮೇಲೇ ವಾಶ್ ಹಾಕಿದ್ದೆ. ಅದು ಸಂದಿಗೆ ಹರಿಯದೆ ನಿಂತಲ್ಲೇ ಇಂಗಿ ಕಲೆಯಾಗಿ ಕೂತಿತು. ನಯವಾದ ಮೈ ಮೇಲೆ ಹಾಗಾಗುವುದಿಲ್ಲ. ರಿವೆಟ್ ಪಕ್ಕಕ್ಕೆ ಬ್ರಶ್ ತುದಿ ಮುಟ್ಟಿಸಿದರೆ ಸಾಕು, ಬಣ್ಣ ತಾನಾಗಿ ಪಟ್ಟಿಯ ಉದ್ದಕ್ಕೂ ಓಡುತ್ತದೆ. ಅದು ಓಡುವುದನ್ನು ನೋಡುವ ಆ ಎರಡು ಕ್ಷಣಕ್ಕಾಗಿಯೇ ನನಗೆ ಈ ಹವ್ಯಾಸ ಇಷ್ಟ. ಅಡಿಬಣ್ಣ ಅಕ್ರಿಲಿಕ್ ಆಗಿದ್ದರೆ ಆಯಿಲ್ ಬಣ್ಣದ ತಿನ್ನರ್ ಅದನ್ನು ಕರಗಿಸುವುದಿಲ್ಲ, ಹೆಚ್ಚಾದದ್ದನ್ನು ತೇವದ ಬ್ರಶ್‌ನಿಂದ ನಿಧಾನವಾಗಿ ತೆಗೆಯಬಹುದು.

ಕಿತ್ತ ಬಣ್ಣದ ವಿಷಯದಲ್ಲಿ ಲೆಕ್ಕ ಮುಖ್ಯ. ಈ ಅಳತೆಯಲ್ಲಿ 1 ಮಿಲಿಮೀಟರ್ ಎಂದರೆ ನಿಜವಾದ ವಿಮಾನದಲ್ಲಿ ಸುಮಾರು 5 ಸೆಂಟಿಮೀಟರ್. ನಮ್ಮ ಕಣ್ಣಿಗೆ ಚುಕ್ಕೆಯಂತೆ ಕಾಣುವುದು ಅಲ್ಲಿ ಅಂಗೈಯಗಲದ ಗಾಯ. ಸ್ಪಂಜಿನ ಚೂರನ್ನು ಅಲ್ಯೂಮಿನಿಯಂ ಬಣ್ಣಕ್ಕೆ ಅದ್ದಿ, ಕಾಗದದ ಮೇಲೆ ಒತ್ತಿ ಒತ್ತಿ ಬಹುತೇಕ ಖಾಲಿ ಮಾಡಿ, ಆಮೇಲೆ ಬಾಗಿಲ ಅಂಚಿಗೆ ಎರಡೇ ಸಲ ಮುಟ್ಟಿಸಿದೆ. ಮೂರನೆಯದಕ್ಕೆ ಕೈ ಹೋಗುತ್ತದೆ, ತಡೆದುಕೊಳ್ಳಬೇಕು.

ಬಾಗಿಲ ಒಳಗೆ ಒಂದು ಚಿಕ್ಕ ಹಾರೆಗೋಲು ಇದೆ. ಮೇಲಿನ ಗಾಜು ಸಿಕ್ಕಿಕೊಂಡರೆ ಒಡೆದು ಹೊರಬರಲು. ಬಹಳ ಮಂದಿ ಇದಕ್ಕೆ ಕೆಂಪು ಹಚ್ಚುತ್ತಾರೆ. ಆ ಕೆಂಪು ಯುದ್ಧದ ನಂತರ ದುರಸ್ತಿಯಾದ ವಿಮಾನಗಳಲ್ಲಿ ಕಾಣುವಂಥದ್ದು, ನಾನು ಒಳಮೈಯ ಹಸಿರನ್ನೇ ಇಟ್ಟೆ. ಕಣ್ಣಿಗೆ ಸೆಳೆತ ಕಡಿಮೆಯಾಯಿತು ನಿಜ, ಆದರೆ 1942ರ ವಿಮಾನ 1942ರದ್ದೇ ಆಗಿರಬೇಕು.

ಉಪಕರಣ ಫಲಕದ ನಡುವೆ ಆರು ಮುಖ್ಯ ಡಯಲ್‌ಗಳು. ಪ್ರತಿ ಡಯಲ್‌ನ ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಸಾಸಿವೆಗಿಂತ ಸ್ವಲ್ಪ ದೊಡ್ಡದು. ಒಂದೊಂದನ್ನೇ ಚಿಮುಟದಲ್ಲಿ ಹಿಡಿದು ಕೂರಿಸಿ, ಮೆದುಗೊಳಿಸುವ ದ್ರಾವಣ ಹಚ್ಚಿ ರಾತ್ರಿಯಿಡೀ ಬಿಟ್ಟೆ. ಆಮೇಲೆ ಸೂಜಿ ತುದಿಯಲ್ಲಿ ಒಂದೊಂದು ಹನಿ ಹೊಳಪಿನ ವಾರ್ನಿಷ್ ಹಾಕಿದರೆ ಗಾಜು ಸಿದ್ಧ. ಸೀಟ್ ಬೆಲ್ಟ್‌ಗಳನ್ನು ಮಾಸ್ಕಿಂಗ್ ಟೇಪಿನಲ್ಲಿ ಕತ್ತರಿಸಿದೆ. ನೇರವಾಗಿ ಅಂಟಿಸಿದರೆ ಹಲಗೆಯಂತೆ ಕಾಣುತ್ತವೆ. ಬೆರಳುಗಳ ನಡುವೆ ಸುರುಟಿ ಬಿಡಿಸಿ, ಒಂದು ಪಟ್ಟಿಯನ್ನು ಆಸನದ ಪಕ್ಕದಿಂದ ಜೋತುಬಿದ್ದಂತೆ ಬಿಟ್ಟೆ.

ಇನ್ನು ಕೆಸರು. ಈ ವಿಮಾನಕ್ಕೆ ನಾವು ಅಂದುಕೊಳ್ಳುವಂಥ ನೆಲಹಾಸಿಲ್ಲ. ಹಿಮ್ಮಡಿ ಇಡಲು ಎರಡು ಕಿರಿದಾದ ಪಟ್ಟಿಗಳಿವೆ, ಅವುಗಳ ಆಚೀಚೆ ನೇರ ಹೊಟ್ಟೆಯ ತಳ. ಹುಲ್ಲಿನ ರನ್‌ವೇಯಿಂದ ಬೂಟಿಗೆ ಅಂಟಿ ಬಂದ ಮಣ್ಣು ಹಿಮ್ಮಡಿ ಪಟ್ಟಿಯಿಂದ ಉದುರಿ ಕೆಳಗೆ ಸೇರುತ್ತದೆ. ಆದ್ದರಿಂದ ಒಣ ಪಿಗ್ಮೆಂಟ್ ಪುಡಿಯಲ್ಲಿ ಹೆಚ್ಚಿನ ಪಾಲನ್ನು ತಳಕ್ಕೆ ಹಾಕಿ, ಪಟ್ಟಿಗಳ ಮೇಲೆ ಹಿಮ್ಮಡಿ ಉಜ್ಜುವ ಜಾಗವನ್ನು ಸ್ವಚ್ಛವಾಗಿ, ಬರಿ ಲೋಹವಾಗಿ ಉಳಿಸಿದೆ. ಅಂಚಿನಲ್ಲಿ ಮಾತ್ರ ಪುಡಿ ನಿಂತಿದೆ.

ಕೊನೆಗೆ ಮ್ಯಾಟ್ ವಾರ್ನಿಷ್. ಡಯಲ್‌ಗಳ ಹನಿ ಅದಾದ ಮೇಲೆ ಹಾಕಬೇಕು, ಇಲ್ಲದಿದ್ದರೆ ಗಾಜು ಮಂಕಾಗುತ್ತದೆ. ಎರಡು ಹೋಳುಗಳನ್ನು ಅಂಟಿಸಿ ಒಂದು ದಿನ ಬಿಟ್ಟು ಟೇಪ್ ತೆಗೆದೆ. ಹೊಟ್ಟೆಯ ತಳದ ಮಣ್ಣು ಈಗ ಕಾಣಬೇಕೆಂದರೆ ಬಾಗಿಲ ಹತ್ತಿರ ಟಾರ್ಚ್ ಹಿಡಿದು ಓರೆಯಾಗಿ ಬಗ್ಗಬೇಕು. ಬಾಗಿಲನ್ನು ತೆರೆದ ಸ್ಥಿತಿಯಲ್ಲೇ ಅಂಟಿಸಿದ್ದೇನೆ.