ಲೆದರ್ ಸೀಟಿಗೆ ಹೊಳಪು ಬಾರದಂತೆ ಶುಚಿಗೊಳಿಸಿದ ನನ್ನ ಅನುಭವ

ಕಾರಿನ ಲೆದರ್ ಸೀಟು ಹೊಸದಾಗಿದ್ದಾಗ ಮಿರಮಿರನೆ ಮಿಂಚುವುದಿಲ್ಲ. ಇಂದಿನ ಬಹುತೇಕ ಕಾರುಗಳಲ್ಲಿ ಚರ್ಮದ ಮೇಲೆ ಬಣ್ಣದ ಪದರವೂ ಅದರ ಮೇಲೆ ಪಾಲಿಯುರಿಥೇನಿನ ತೆಳುವಾದ ರಕ್ಷಣಾ ಲೇಪವೂ ಇರುತ್ತವೆ. ಆ ಲೇಪವನ್ನು ಮಂದವಾಗಿ ಕಾಣುವಂತೆಯೇ ತಯಾರಿಸಿರುತ್ತಾರೆ. ಬೆವರು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಧೂಳು ಎಲ್ಲವೂ ಚರ್ಮದ ಸಣ್ಣ ಗೆರೆಗಳಲ್ಲಿ ತುಂಬಿಕೊಂಡು ಮೇಲ್ಮೈ ನುಣುಪಾದಾಗ ಹೊಳಪು ಕಾಣಿಸಿಕೊಳ್ಳುತ್ತದೆ. ನಾನು ಕೊಂಡ ಹಳೆಯ ಕಾರಿನ ತಿಳಿಕಂದು ಸೀಟುಗಳಿಗೆ ಇದರ ಜೊತೆಗೆ ಡ್ಯಾಶ್‌ಬೋರ್ಡಿಗೆ ಹೊಡೆಯುವ ಸಿಲಿಕೋನ್ ಪಾಲಿಶನ್ನೂ ಯಾರೋ ಧಾರಾಳವಾಗಿ ಬಳಿದಿದ್ದರು. ಕುಳಿತರೆ ಜಾರುತ್ತಿತ್ತು, ಒರೆಸಿದರೆ ಬಟ್ಟೆ ಜಿಡ್ಡಾಗುತ್ತಿತ್ತು.

ಸೀಟು ನಿಜವಾದ ಚರ್ಮದ್ದೇ ಎಂಬುದನ್ನು ನಾನು ಮೊದಲು ಖಚಿತಪಡಿಸಿಕೊಂಡೆ. ಸೀಟಿನ ಅಡಿಯಲ್ಲಿ ಕತ್ತರಿಸಿದ ಅಂಚು ಸಿಕ್ಕರೆ ಅದರ ಹಿಂಬದಿಯನ್ನು ನೋಡಬೇಕು: ನೇಯ್ದ ಬಟ್ಟೆ ಕಂಡರೆ ಅದು ಲೆದರೆಟ್, ಅಂದರೆ ಕೃತಕ ಚರ್ಮ; ನಾರುನಾರಾಗಿದ್ದರೆ ಚರ್ಮ. ಲೆದರೆಟ್ಟಿಗೆ ಚರ್ಮವನ್ನು ಮೃದುವಾಗಿಡುವ ಕಂಡೀಷನರ್ ಹಚ್ಚುವುದು ದುಡ್ಡು ದಂಡ. ಶುಚಿಗೊಳಿಸಿ ಒರೆಸಿದರೆ ಸಾಕು. ಲೇಪವಿಲ್ಲದ ಚರ್ಮವಾದರೆ, ಕಾಣದ ಮೂಲೆಯಲ್ಲಿ ಇಟ್ಟ ನೀರಿನ ಹನಿ ಹೀರಿಕೊಂಡು ಅಲ್ಲಿ ಬಣ್ಣ ಗಾಢವಾಗುತ್ತದೆ. ಅಂಥ ಸೀಟಿಗೆ ಮುಂದೆ ಹೇಳುವ ವಿಧಾನ ಹೊಂದುವುದಿಲ್ಲ.

ಕೆಲಸದ ಬಹುಪಾಲು ಇರುವುದು ಶುಚಿಗೊಳಿಸುವುದರಲ್ಲೇ. ಹೊಲಿಗೆಗಳ ಸಂದಿಯಲ್ಲಿ ಕುಳಿತ ಮರಳನ್ನು ವ್ಯಾಕ್ಯೂಮಿನಿಂದ ಪೂರ್ತಿ ತೆಗೆದೆ. ಇಲ್ಲದಿದ್ದರೆ ಉಜ್ಜುವಾಗ ಅದೇ ಮರಳುಕಾಗದವಾಗುತ್ತದೆ. ಚರ್ಮ ಸ್ವಭಾವತಃ ತುಸು ಆಮ್ಲೀಯವಾದ್ದರಿಂದ ಕ್ಷಾರವಿರುವ ಬಟ್ಟೆ ಸೋಪು ಅದಕ್ಕೆ ಒಗ್ಗುವುದಿಲ್ಲ. ಪಿಎಚ್ ತಟಸ್ಥವಾಗಿರುವ ಲೆದರ್ ಕ್ಲೀನರನ್ನೇ ಬಳಸಿದೆ. ಅದನ್ನು ಸೀಟಿನ ಮೇಲೆ ನೇರವಾಗಿ ಸಿಂಪಡಿಸದೆ ಕುದುರೆಕೂದಲಿನ ಮೆತ್ತನೆಯ ಬ್ರಷ್ಷಿಗೆ ಹಾಕಿ, ಅಂಗೈ ಅಗಲದಷ್ಟು ಜಾಗವನ್ನು ಮಾತ್ರ ಒಮ್ಮೆಗೆ ತೆಗೆದುಕೊಂಡು, ಒತ್ತದೆ ಸುತ್ತುತ್ತಾ ನೊರೆ ಬರಿಸಿದೆ. ಬಿಳಿಯ ನೊರೆ ಚಹಾದ ಬಣ್ಣಕ್ಕೆ ತಿರುಗಿದೊಡನೆ, ಅದು ಒಣಗುವ ಮೊದಲೇ, ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯಿಂದ ಎತ್ತಿಬಿಟ್ಟೆ. ಸಣ್ಣ ರಂಧ್ರಗಳಿರುವ ಭಾಗದಲ್ಲಿ ಬ್ರಷ್ ಕೂಡ ಬೇಡ, ಬಟ್ಟೆಯೇ ಸಾಕು. ಒಳಗಿಳಿದ ನೀರು ಸ್ಪಂಜಿನಲ್ಲಿ ಉಳಿದು ವಾಸನೆ ಹಿಡಿಯುತ್ತದೆ. ಸಿಲಿಕೋನ್ ಒಂದೇ ಸಲಕ್ಕೆ ಬಿಡಲಿಲ್ಲವಾದ್ದರಿಂದ ಸೀಟು ಪೂರ್ತಿ ಆರಿದ ಮೇಲೆ ಇಡೀ ಕ್ರಮವನ್ನು ಮತ್ತೆ ಮಾಡಬೇಕಾಯಿತು. ಒಣಗಿದ ಸೀಟಿನ ಮೇಲೆ ಬೆರಳಾಡಿಸಿದಾಗ ಜಾರದೆ ತುಸು ತಡೆದಂತಾದರೆ ಜಿಡ್ಡು ಹೋಗಿದೆ ಎಂದೇ ಅರ್ಥ.

ಬೇಸರಪಟ್ಟು ಥಿನ್ನರನ್ನೋ ಸ್ಯಾನಿಟೈಸರನ್ನೋ ಮುಟ್ಟಬಾರದು, ಅವು ಲೇಪವನ್ನೇ ಕರಗಿಸಬಲ್ಲವು. ಕಲೆ ತೆಗೆಯುವ ಬಿಳಿಯ ಮೆಲಮೈನ್ ಸ್ಪಂಜು ಪವಾಡದಂತೆ ಕೆಲಸ ಮಾಡುತ್ತದೆ ನಿಜ, ಆದರೆ ಅದು ಕೊಳೆಯೊಂದಿಗೆ ಮಂದ ಲೇಪವನ್ನೂ ಸವೆಸಿ, ಹೊಳಪು ಹೋಗಬೇಕಾದ ಕಡೆಯಲ್ಲೇ ಹೊಸ ಹೊಳಪು ತರುತ್ತದೆ.

ಲೇಪವಿರುವ ಚರ್ಮ ಕಂಡೀಷನರನ್ನು ಹೆಚ್ಚೇನೂ ಹೀರುವುದಿಲ್ಲ. ಹೆಚ್ಚಾದದ್ದು ಮೇಲೆಯೇ ಕುಳಿತು ಮಿಂಚುತ್ತದೆ. ಆದ್ದರಿಂದ ಎಣ್ಣೆ, ಮೇಣ, ಸಿಲಿಕೋನ್ ಯಾವುದೂ ಇಲ್ಲದ, ನೀರಿನಂಶ ಹೆಚ್ಚಿರುವ ಲೋಷನನ್ನು ಆರಿಸಿಕೊಂಡೆ. ಇಡೀ ಸೀಟಿಗೆ ಒಂದು ದೊಡ್ಡ ನಾಣ್ಯದಗಲದಷ್ಟು ಲೋಷನನ್ನು ಸ್ಪಂಜಿಗೆ ಹಾಕಿ, ನೆರಳಿನಲ್ಲಿ, ಸೀಟು ತಣ್ಣಗಿರುವಾಗ ತೆಳ್ಳಗೆ ಸವರಿ, ಸ್ವಲ್ಪ ಹೊತ್ತಿನ ನಂತರ ಒಣ ಬಟ್ಟೆಯಿಂದ ಏನೂ ಉಳಿಯದಂತೆ ಒರೆಸಿದೆ. ಆಗ ಉಜ್ಜಿ ಪಾಲಿಶ್ ಮಾಡಬಾರದು, ಹಗುರವಾಗಿ ಎತ್ತಬೇಕು ಅಷ್ಟೇ.

ಚಾಲಕನ ಸೀಟಿನ ಹೊರ ಅಂಚು ಮಾತ್ರ ಇಷ್ಟಾದರೂ ಹೊಳೆಯುತ್ತಲೇ ಇತ್ತು. ಹತ್ತಿ ಇಳಿಯುವಾಗ ಪ್ಯಾಂಟು ಉಜ್ಜಿ ಅಲ್ಲಿಯ ಲೇಪ ಸವೆದಿದ್ದರಿಂದ ಅದು ತೊಳೆದರೆ ಹೋಗುವ ಹೊಳಪಾಗಿರಲಿಲ್ಲ. ಲೆದರ್ ರಿಪೇರಿ ಮಾಡುವವರಿಂದ ಆ ಭಾಗಕ್ಕಷ್ಟೇ ಬಣ್ಣ ಸರಿಪಡಿಸಿ ಹೊಸದಾಗಿ ಮ್ಯಾಟ್ ಲೇಪ ಹಾಕಿಸಿದೆ.