ಬ್ರೌನಿಯ ಫಿಲ್ಲಿಂಗ್ ತಳಕ್ಕಿಳಿಯದಂತೆ ಮಾಡಿದ್ದು ಹೀಗೆ

ಕತ್ತರಿಸಿದಾಗ ನಡುವಿನಿಂದ ಜಿನುಗಬೇಕಾದ ಕ್ಯಾರಮೆಲ್, ನಮ್ಮ ಮನೆ ಬ್ರೌನಿಯಲ್ಲಿ ತಳ ಸೇರಿ ಅಂಚಿನಲ್ಲಿ ಚಿಕ್ಕಿಯ ಹಾಗೆ ಗಟ್ಟಿಯಾಗುತ್ತಿತ್ತು. ಬಟರ್ ಪೇಪರ್ ಬಿಡಿಸೋದೇ ದೊಡ್ಡ ಸಾಹಸ.

ಕ್ಯಾರಮೆಲ್ ಹಸಿ ಹಿಟ್ಟಿಗಿಂತ ಭಾರ, ಹಾಗಾಗಿ ಮುಳುಗುತ್ತೆ. ಟಿನ್ನಿನ ಬಿಸಿ ಗೋಡೆ ತಾಗಿದರೆ ನೀರಿನಂಶ ಆರಿ ಗಟ್ಟಿಯಾಗುತ್ತೆ. ಕ್ಯಾರಮೆಲ್ ಜಾಸ್ತಿ ಹಾಕಿದರೆ ಸರಿಹೋಗುತ್ತೆ ಅನ್ನೋ ಸಲಹೆ ಕೇಳಬೇಡಿ, ಇನ್ನಷ್ಟು ಕೆಡುತ್ತೆ.

ಈಗ ಕ್ಯಾರಮೆಲ್ ಬದಲು ಗನಾಶ್ (ಚಾಕೊಲೇಟ್-ಕ್ರೀಮ್ ಮಿಶ್ರಣ) ಬಳಸ್ತೀನಿ. 100 ಗ್ರಾಂ ಡಾರ್ಕ್ ಚಾಕೊಲೇಟ್ ಚೂರಿಗೆ 100 ಗ್ರಾಂ ಬಿಸಿ ಕ್ರೀಮ್, ಚಿಟಿಕೆ ಉಪ್ಪು. ಕಲಸಿ, ಬಟರ್ ಪೇಪರ್ ಮೇಲೆ 6 ಇಂಚಿನ ಚೌಕವಾಗಿ ಹರಡಿ, ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ. 8 ಇಂಚಿನ ಟಿನ್ನಿಗೆ ಅರ್ಧ ಹಿಟ್ಟು ಸುರಿದು 175 ಡಿಗ್ರಿಯಲ್ಲಿ 10 ನಿಮಿಷ ಬೇಯಿಸಿದರೆ ಮೇಲೆ ತೆಳು ಪೊರೆ ಕಟ್ಟುತ್ತೆ. ಆ ಪೊರೆಯೇ ಫಿಲ್ಲಿಂಗನ್ನು ಹೊರುವುದು. ಅದರ ಮೇಲೆ ಕಲ್ಲಾದ ಗನಾಶ್ ಹಲಗೆ ಇಟ್ಟು, ಸುತ್ತ ಒಂದಿಂಚು ಜಾಗ ಬಿಟ್ಟು, ಉಳಿದ ಹಿಟ್ಟಿನಿಂದ ಮುಚ್ಚಿ. ಮತ್ತೆ ಸುಮಾರು 25 ನಿಮಿಷ.

ನಡುವೆ ಟೂತ್‌ಪಿಕ್ ಚುಚ್ಚಿ ನೋಡಿದರೆ ಅದು ಯಾವಾಗಲೂ ಒದ್ದೆಯೇ! ಅಂಚಿನ ಹತ್ತಿರ ಚುಚ್ಚಿ. ನಾಲ್ಕಾರು ತೇವದ ತುಣುಕು ಅಂಟಿದರೆ ಹೊರತೆಗೆಯಿರಿ. ಓಟಿಜಿಯಲ್ಲಿ (ಮನೆಬಳಕೆಯ ಸಣ್ಣ ಕರೆಂಟ್ ಓವನ್) ಮೇಲ್ಭಾಗ ಬೇಗ ಕಪ್ಪಾದರೆ ಫಾಯಿಲ್ ಮುಚ್ಚಿ.

ಪೂರ್ತಿ ಆರಿದ ಮೇಲೆ, ಬಿಸಿನೀರಲ್ಲಿ ಅದ್ದಿ ಒರೆಸಿದ ಚಾಕುವಿನಿಂದ ಕತ್ತರಿಸಿ. ತಿನ್ನುವ ಮುಂಚೆ ಮೈಕ್ರೋವೇವ್‌ನಲ್ಲಿ 10 ಸೆಕೆಂಡ್ ಇಟ್ಟರೆ ಗನಾಶ್ ಮತ್ತೆ ಹರಿಯುತ್ತೆ.