ಲ್ಯಾಂಬ್ಡಾದ 250 ಎಂಬಿಯೊಳಗೆ ದೊಡ್ಡ ಲೈಬ್ರರಿ ಕೂರಿಸುವುದು ಹೇಗೆ?

ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿಯೇ ಓಡುತ್ತಿದ್ದ ಪೈಥಾನ್ ಕೋಡ್. ಎಡಬ್ಲ್ಯುಎಸ್ ಲ್ಯಾಂಬ್ಡಾಗೆ (ನಮ್ಮದೇ ಸರ್ವರ್ ಇಲ್ಲದೆ ಕೋಡ್ ಓಡಿಸುವ ಅಮೆಜಾನ್ ಸೇವೆ) ಹಾಕಿದ ಕೂಡಲೇ 262144000 ಬೈಟ್‌ಗಿಂತ ಕಡಿಮೆ ಇರಬೇಕು ಎಂಬ ಎರರ್. ಅಂದರೆ ಜಿಪ್ ಬಿಚ್ಚಿದ ಮೇಲೆ 250 ಎಂಬಿ ಮೀರಬಾರದು. ಆಗ ಹೆಚ್ಚಿನವರು ಕೈಗೆ ಸಿಕ್ಕ ಫೋಲ್ಡರ್‌ಗಳನ್ನೆಲ್ಲ ಡಿಲೀಟ್ ಮಾಡಲು ಶುರು ಮಾಡುತ್ತಾರೆ. ಡಿಪ್ಲಾಯ್ ಏನೋ ಆಗುತ್ತದೆ, ಮೊದಲ ರಿಕ್ವೆಸ್ಟ್‌ಗೇ ಬೀಳುತ್ತದೆ.

1. ಮೊದಲು ಅಳೆಯಿರಿ. ಖಾಲಿ ಫೋಲ್ಡರ್‌ಗೆ ಇನ್‌ಸ್ಟಾಲ್ ಮಾಡಿ, ಯಾವುದು ಎಷ್ಟು ಜಾಗ ತಿಂದಿದೆ ನೋಡಿ. ಡೇಟಾ ಫೈಲ್ ಓದುವ ಪೈಆರೋ ಲೈಬ್ರರಿ ಒಂದೇ 100 ಎಂಬಿ ದಾಟಿರುತ್ತದೆ.

2. ಬೇಡದ್ದನ್ನು ರಿಕ್ವೈರ್‌ಮೆಂಟ್ಸ್ ಫೈಲ್‌ನಿಂದಲೇ (ಇನ್‌ಸ್ಟಾಲ್ ಆಗಬೇಕಾದ ಲೈಬ್ರರಿಗಳ ಪಟ್ಟಿ) ತೆಗೆಯಿರಿ. ಇನ್‌ಸ್ಟಾಲ್ ಆಗಿರುವುದನ್ನೆಲ್ಲ ತೋರಿಸುವ ಪಿಪ್ ಫ್ರೀಜ್ ಕೊಟ್ಟ ಪಟ್ಟಿಯನ್ನು ಹಾಗೇ ಇಟ್ಟಿದ್ದರೆ ಕೋಡ್ ಬರೆಯುವಾಗ ಮಾತ್ರ ಬೇಕಾದ ಪೈಟೆಸ್ಟ್, ಜುಪಿಟರ್ ಎಲ್ಲ ಒಳಗೆ ಬಂದಿರುತ್ತವೆ. ಎಡಬ್ಲ್ಯುಎಸ್ ಸೇವೆಗಳನ್ನು ಬಳಸಲು ಬೇಕಾದ ಬೋಟೋ3 ಲೈಬ್ರರಿ ಲ್ಯಾಂಬ್ಡಾದ ಪೈಥಾನ್‌ನಲ್ಲಿ ಮೊದಲೇ ಇದೆ. ಇಂಥದ್ದೇ ವರ್ಷನ್ ಬೇಕು ಅಂತಿಲ್ಲದಿದ್ದರೆ ಬಿಡಿ. ಚಿತ್ರಗಳ ಕೆಲಸಕ್ಕೆ ಓಪನ್‌ಸಿವಿ ಬೇಕಿದ್ದರೆ, ಪರದೆಯಲ್ಲಿ ವಿಂಡೋ ತೋರಿಸುವ ಭಾಗವಿಲ್ಲದ ಹೆಡ್‌ಲೆಸ್ ಪ್ಯಾಕೇಜ್ ಹಾಕಿ. ಒಂದು ಸಿಎಸ್‌ವಿ ಓದೋಕೆ ಪಾಂಡಾಸ್‌ನಂಥ ದೊಡ್ಡ ಡೇಟಾ ಲೈಬ್ರರಿ ಯಾಕೆ? ಪೈಥಾನ್‌ನ ಸಿಎಸ್‌ವಿ ಮಾಡ್ಯೂಲ್ ಸಾಕು.

3. ಈಗ ಕತ್ತರಿಸುವ ಕೆಲಸ. ಎಲ್ಲರೂ ಎಡವುವುದು ಇಲ್ಲೇ. ಪಾಂಡಾಸ್ ಒಳಗಿನ 'ಟೆಸ್ಟ್ಸ್' ಫೋಲ್ಡರ್ ತೆಗೆದರೆ ತೊಂದರೆಯಿಲ್ಲ. ಆದರೆ 'ಟೆಸ್ಟ್' ಅಂತ ಶುರುವಾಗುವುದನ್ನೆಲ್ಲ ಸ್ಟಾರ್ ಹಾಕಿ ಅಳಿಸಿದರೆ, ಪಕ್ಕದಲ್ಲಿರುವ 'ಟೆಸ್ಟಿಂಗ್' ಫೈಲೂ ಹೋಗುತ್ತದೆ. ಪಾಂಡಾಸ್ ಶುರುವಾಗುವಾಗ ಅದನ್ನೇ ಇಂಪೋರ್ಟ್ ಮಾಡುತ್ತದೆ, ಅಲ್ಲಿಗೆ ಕಥೆ ಮುಗಿಯಿತು. ಫೋಲ್ಡರ್ ಹೆಸರನ್ನು ಪೂರ್ತಿ ಬರೆದೇ ಅಳಿಸಿ.

ಪ್ರತಿ ಲೈಬ್ರರಿಯ ವಿವರ ಇರುವ 'ಡಿಸ್ಟ್-ಇನ್ಫೋ' ಫೋಲ್ಡರ್‌ಗಳು ಸುಮ್ನೆ ಬಿದ್ದಿರುವಂತೆ ಕಾಣುತ್ತವೆ. ಮುಟ್ಟಬೇಡಿ. ತನ್ನ ವರ್ಷನ್ ಎಷ್ಟು, ಯಾವ ಪ್ಲಗಿನ್ ಇದೆ ಎಂದು ಎಷ್ಟೋ ಲೈಬ್ರರಿಗಳು ಅಲ್ಲೇ ನೋಡುತ್ತವೆ. ಆ್ಯಪ್‌ನ ಓಟದ ಮೇಲೆ ಕಣ್ಣಿಡುವ ಓಪನ್‌ಟೆಲಿಮೆಟ್ರಿ ಅಂಥದ್ದು. ಉಳಿಯುವ ಜಾಗವೂ ಚಿಲ್ಲರೆ. ಸಂಖ್ಯೆಗಳ ಲೈಬ್ರರಿ ನಂಪೈ ಜೊತೆ ಬರುವ 'ನಂಪೈ.ಲಿಬ್ಸ್' ದೊಡ್ಡದು ನಿಜ, ಆದರೆ ಲೆಕ್ಕ ಮಾಡುವ ಓಪನ್‌ಬ್ಲಾಸ್ ಇರುವುದೇ ಅದರಲ್ಲಿ.

ಬೈನರಿಗಳ (ಕಂಪೈಲ್ ಆದ ಫೈಲ್‌ಗಳ) ಮೇಲೆ, ಒಳಗಿನ ಡೀಬಗ್ ಮಾಹಿತಿ ಕಿತ್ತುಹಾಕುವ ಸ್ಟ್ರಿಪ್ ಓಡಿಸುವ ಚಟವೂ ಕೆಲವರಿಗಿದೆ. ಪಿಪ್‌ನಿಂದ ಬರುವ ಬೈನರಿಗಳನ್ನು ಮೊದಲೇ ತಿದ್ದಿ ಪ್ಯಾಕ್ ಮಾಡಿರುತ್ತಾರೆ. ಮತ್ತೆ ಸ್ಟ್ರಿಪ್ ಮಾಡಿದರೆ ಕೆಲವು ಲೋಡೇ ಆಗುವುದಿಲ್ಲ. ಸೈಜ್ ತಾನಾಗಿಯೇ ಇಳಿಸುತ್ತೇವೆ ಅನ್ನುವ ಪ್ಲಗಿನ್‌ಗಳಲ್ಲಿ ಹಲವು ಒಳಗೊಳಗೇ ಮಾಡುವುದೂ ಇದನ್ನೇ. ನಾನಂತೂ ಅವುಗಳನ್ನು ಹತ್ತಿರ ಸೇರಿಸುವುದಿಲ್ಲ.

ಮ್ಯಾಕ್ ಅಥವಾ ವಿಂಡೋಸ್‌ನಲ್ಲಿ ಪ್ಯಾಕ್ ಮಾಡುವವರಿಗೆ ಇನ್ನೊಂದು ಮಾತು. ಅಲ್ಲಿ ಇಳಿದ ನಂಪೈ ಲಿನಕ್ಸ್‌ನಲ್ಲಿ ಓಡಲ್ಲ. ಲ್ಯಾಂಬ್ಡಾಗೆ ಎಡಬ್ಲ್ಯುಎಸ್‌ನವರೇ ಕೊಡುವ ಡಾಕರ್ ಇಮೇಜ್ ಒಳಗೆ ಇನ್‌ಸ್ಟಾಲ್ ಮಾಡಿ. ಪ್ರತಿ ಸಲ ಅಳಿಸಿದ ಮೇಲೂ ಅದೇ ಇಮೇಜ್‌ನಲ್ಲಿ ಫಂಕ್ಷನ್ ಓಡಿಸಿ ನೋಡಿ. ಬರೀ ಇಂಪೋರ್ಟ್ ಆದರೆ ಸಾಲದು, ನಿಜವಾದ ಒಂದು ಫೈಲ್ ಕೊಟ್ಟು ನೋಡಿ.

4. ಲೇಯರ್ (ಲೈಬ್ರರಿಗಳನ್ನು ಬೇರೆ ಜಿಪ್ ಮಾಡಿ ಫಂಕ್ಷನ್‌ಗೆ ಜೋಡಿಸುವುದು) ಬೇಕಾದರೆ ಮಾಡಿ. ಆದರೆ ಲೇಯರ್‌ಗೆ ಹಾಕಿದ್ದು ಲೆಕ್ಕಕ್ಕೆ ಬರಲ್ಲ ಎಂಬುದು ಸುಳ್ಳು. ಐದು ಲೇಯರ್ ತನಕ ಸೇರಿಸಬಹುದು, ಕೋಡೂ ಲೇಯರ್‌ಗಳೂ ಕೂಡಿಯೇ 250 ಎಂಬಿ. ಪಾಂಡಾಸ್, ಪೈಆರೋ ಎರಡೂ ಬೇಕೇ ಬೇಕು ಅಂದರೆ ಎಡಬ್ಲ್ಯುಎಸ್‌ನವರೇ ಕೊಡುವ ಪಾಂಡಾಸ್ ಲೇಯರ್ ಇದೆ, ಅದನ್ನು ತಗೊಳ್ಳಿ. ಗೊತ್ತಿಲ್ಲದ ಯಾರದೋ ಲೇಯರ್ ಬೇಡ. ಅದರ ಕೋಡ್ ನಿಮ್ಮ ಫಂಕ್ಷನ್‌ನ ಪರ್ಮಿಷನ್‌ನಲ್ಲೇ ಓಡುತ್ತದೆ.

5. ಇಷ್ಟಕ್ಕೂ ಇಳಿಯದಿದ್ದರೆ ಜಿಪ್ ಬಿಟ್ಟು ಕಂಟೇನರ್ ಇಮೇಜ್‌ಗೆ (ಕೋಡ್, ಲೈಬ್ರರಿ ಎಲ್ಲ ಸೇರಿದ ಡಾಕರ್ ಪ್ಯಾಕೇಜ್) ಹೋಗಿ. 2020ರ ಡಿಸೆಂಬರ್‌ನಿಂದ ಲ್ಯಾಂಬ್ಡಾ 10 ಜಿಬಿ ತನಕದ ಇಮೇಜ್ ತಗೊಳ್ಳುತ್ತದೆ. ಎಐ ಮಾಡೆಲ್ ಓಡಿಸುವ ಪೈಟಾರ್ಚ್ ಇದ್ದರೆ ನೇರ ಇದಕ್ಕೇ ಬನ್ನಿ, ಅದೂ ಸಿಪಿಯು ಬಿಲ್ಡ್ ಆರಿಸಿಕೊಂಡು. ಲ್ಯಾಂಬ್ಡಾದಲ್ಲಿ ಜಿಪಿಯು ಇಲ್ಲ, ಲಿನಕ್ಸ್‌ನಲ್ಲಿ ಸುಮ್ನೆ ಪಿಪ್ ಕೊಟ್ಟರೆ ಜಿಪಿಯುಗೆ ಬೇಕಾದ ಕುಡಾ ಫೈಲ್‌ಗಳೇ ಜಿಬಿಗಟ್ಟಲೆ ಬರುತ್ತವೆ. ಡಾಕರ್‌ಫೈಲ್‌ನಲ್ಲಿ ಒಂದು ರನ್ ಸಾಲಿನಲ್ಲಿ ಇನ್‌ಸ್ಟಾಲ್ ಮಾಡಿ ಮುಂದಿನ ಸಾಲಿನಲ್ಲಿ ಅಳಿಸಿದರೆ ಇಮೇಜ್ ಒಂದಿಷ್ಟೂ ಇಳಿಯುವುದಿಲ್ಲ, ಹಿಂದಿನ ಪದರದಲ್ಲಿ ಅದು ಹಾಗೇ ಕೂತಿರುತ್ತದೆ. ಎರಡನ್ನೂ ಒಂದೇ ಸಾಲಿನಲ್ಲಿ ಮುಗಿಸಿ.